ವಿದ್ಯಾರ್ಥಿಯ ವೆಬ್ ಪ್ರಾಜೆಕ್ಟ್ ನೋಡಿ, ಉಪಯೋಗಕ್ಕೆ ಬರುವ ಮಾತು ಹೇಳುವುದು ಹೇಗೆ?

"ಸರ್, ನಮ್ ಪ್ರಾಜೆಕ್ಟ್ ಒಂದ್ಸಲ ನೋಡ್ರಿ, ಹೆಂಗೈತಿ ಹೇಳ್ರಿ." ಕೊನೆಯ ವರ್ಷದ ಸೆಮಿಸ್ಟರ್ ಶುರುವಾದರೆ ಸಾಕು, ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಈ ಮಾತು ಕೇಳಿಬರುತ್ತದೆ. ಹೀಗೆ ಕೇಳಿಸಿಕೊಳ್ಳುವವರು ಹೊಸದಾಗಿ ಸೇರಿದ ಉಪನ್ಯಾಸಕರಿರಬಹುದು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಹಬ್ಬಕ್ಕೆ ಊರಿಗೆ ಬಂದ ಸೀನಿಯರ್ ಇರಬಹುದು. ಅವರಲ್ಲಿ ಹಲವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ನೋಡಿದೆ, ಚೆನ್ನಾಗಿದೆ ಅಂದೆ. ಇನ್ನೇನು ಹೇಳಬೇಕಿತ್ತು?"

ನನ್ನ ಅಳತೆ ಸರಳವಾಗಿದೆ. ನಿಮ್ಮ ಮಾತು ಕೇಳಿ ಎದ್ದುಹೋದ ವಿದ್ಯಾರ್ಥಿಗೆ ಅವತ್ತು ರಾತ್ರಿ ಲ್ಯಾಪ್‌ಟಾಪ್ ತೆರೆದು ಯಾವ ಕೆಲಸದಿಂದ ಶುರು ಮಾಡಬೇಕು ಎಂಬುದು ಗೊತ್ತಿರಬೇಕು. "ಚೆನ್ನಾಗಿದೆ" ಎಂದರೂ ಅದು ಗೊತ್ತಾಗುವುದಿಲ್ಲ, "ಇದೇನಪ್ಪಾ ಹಿಂಗೆ ಮಾಡೀರಿ" ಎಂದರೂ ಗೊತ್ತಾಗುವುದಿಲ್ಲ. ಕೆಳಗಿನ ಹಂತಗಳೆಲ್ಲ ಆ ಒಂದು ಉದ್ದೇಶಕ್ಕೆ.

ಉದಾಹರಣೆಗೆ ಒಂದು ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ನಾಲ್ಕು ಜನ ವಿದ್ಯಾರ್ಥಿಗಳು ಒಂದು ವೆಬ್ ಆಪ್ ಮಾಡಿದ್ದಾರೆ. ಕಟಿಂಗ್ ಆದ ಬಟ್ಟೆಯನ್ನು ಟೈಲರ್‌ಗಳಿಗೆ ಎಷ್ಟು ಪೀಸ್ ಕೊಟ್ಟರು, ಹೊಲಿದು ಎಷ್ಟು ಬಂತು, ಪೀಸ್ ರೇಟು ಎಷ್ಟು, ಮುಂಗಡ ಎಷ್ಟು ಕಳೆಯಬೇಕು, ವಾರದ ಬಟವಾಡೆ ಎಷ್ಟು ಎಂದು ಲೆಕ್ಕ ಇಡುತ್ತದೆ. ನಿಮ್ಮ ಮುಂದೆ ಬರುವುದು ಲೈಬ್ರರಿ ಆಪ್ ಇರಬಹುದು, ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕ ಇರಬಹುದು, ಕಿನ್ನಾಳ ಗೊಂಬೆ ಮಾರುವ ಅಂಗಡಿ ಇರಬಹುದು. ನೋಡುವ ಕ್ರಮ ಅದೇ.

ಮೊದಲು ಏನೇನು ಬೇಕು

ಕೂರುವ ಹಿಂದಿನ ದಿನವೇ ವಿದ್ಯಾರ್ಥಿಗಳಿಂದ ಇಷ್ಟು ತರಿಸಿಕೊಳ್ಳಿ:

- ಆಪ್‌ನ ಲಿಂಕ್. ಆನ್‌ಲೈನ್‌ನಲ್ಲಿ ಹಾಕಿಲ್ಲದಿದ್ದರೆ ಅವರ ಲ್ಯಾಪ್‌ಟಾಪ್.
- ಪ್ರತಿ ಪಾತ್ರಕ್ಕೂ ಒಂದೊಂದು ಲಾಗಿನ್. ನಮ್ಮ ಉದಾಹರಣೆಯಲ್ಲಿ ಮಾಲೀಕರದ್ದು ಒಂದು, ಮೇಸ್ತ್ರಿಯದ್ದು ಒಂದು, ಟೈಲರ್‌ಗಳದ್ದು ಎರಡು. ಎರಡು ಯಾಕೆಂದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.
- ಕೋಡ್ ಇರುವ ಗಿಟ್ ರೆಪೊಸಿಟರಿ. ಗಿಟ್ ಎಂದರೆ ಕೋಡ್‌ನಲ್ಲಿ ಯಾವಾಗ, ಯಾರು, ಏನು ಬದಲಿಸಿದರು ಎಂದು ದಾಖಲೆ ಇಡುವ ಸಾಧನ. ರೆಪೊಸಿಟರಿ ಎಂದರೆ ಆ ದಾಖಲೆ ಸಮೇತ ಕೋಡ್ ಕೂತಿರುವ ಜಾಗ.
- ರೀಡ್‌ಮಿ ಫೈಲ್. ಆಪ್ ಏನು ಮಾಡುತ್ತದೆ, ಬೇರೆಯವರ ಕಂಪ್ಯೂಟರ್‌ನಲ್ಲಿ ಅದನ್ನು ಶುರು ಮಾಡುವುದು ಹೇಗೆ ಎಂದು ಹೇಳುವ ಪುಟ ಇದು.

ನಿಮ್ಮ ಕಡೆಯಿಂದ ಒಂದು ಆಂಡ್ರಾಯ್ಡ್ ಫೋನ್, ಒಂದು ನೋಟ್‌ಬುಕ್, ಬಿಡುವಾದ ಒಂದೂವರೆ ಗಂಟೆ ಬೇಕು. ಎರಡು ಕ್ಲಾಸ್‌ಗಳ ನಡುವಿನ ಹತ್ತು ನಿಮಿಷದಲ್ಲಿ ನೋಡಲು ಹೋಗಬೇಡಿ. ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುವುದು ಬಣ್ಣ ಮತ್ತು ಕಾಗುಣಿತ ಮಾತ್ರ. ಆಮೇಲೆ ಅದನ್ನೇ ಹೇಳಿ ಕಳಿಸುತ್ತೀರಿ.

ಒಂದು ಎಚ್ಚರಿಕೆ. ಉಚಿತ ಹೋಸ್ಟಿಂಗ್‌ನಲ್ಲಿ ಹಾಕಿದ ಹಲವು ಆಪ್‌ಗಳು ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ನಿಂತುಹೋಗುತ್ತವೆ. ಮೊದಲ ಸಲ ತೆರೆದಾಗ ಮತ್ತೆ ಶುರುವಾಗಲು ಸಮಯ ಹಿಡಿಯುತ್ತದೆ. ಅದನ್ನು ನೋಡಿ "ಬಹಳ ಸ್ಲೋ" ಎಂದು ಬರೆದುಕೊಳ್ಳಬೇಡಿ. ಒಮ್ಮೆ ತೆರೆದಿಟ್ಟು, ಆಮೇಲೆ ಪರೀಕ್ಷೆ ಶುರು ಮಾಡಿ.

ಹಂತ 1: ಯಾರಿಗಾಗಿ ಮಾಡಿದ್ದು ಎಂದು ಕೇಳಿ

ಸ್ಕ್ರೀನ್ ನೋಡುವ ಮೊದಲು ಮೂರು ಪ್ರಶ್ನೆ ಕೇಳಿ. ಇದನ್ನು ಯಾರು ಬಳಸುತ್ತಾರೆ? ಅವರು ಈಗ ಆ ಕೆಲಸವನ್ನು ಹೇಗೆ ಮಾಡುತ್ತಿದ್ದಾರೆ? ಸಬ್‌ಮಿಷನ್ ಯಾವಾಗ?

ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲಿ ಬಹಳ ವಿಷಯ ಇರುತ್ತದೆ. "ಮೇಸ್ತ್ರಿ ಒಂದು ಡೈರಿಯಲ್ಲಿ ಬರೀತಾರ್ರಿ, ಶನಿವಾರ ಕೂಡಿಸ್ತಾರ್ರಿ" ಎಂದು ಹೇಳಿದರೆ ಅವರು ಘಟಕಕ್ಕೆ ಹೋಗಿ ನೋಡಿ ಬಂದಿದ್ದಾರೆ. "ಮ್ಯಾನ್ಯುಯಲ್ ಸಿಸ್ಟಮ್ ಸರ್, ಟೈಮ್ ಕನ್ಸ್ಯೂಮಿಂಗ್" ಎಂದರೆ ಅದು ಹಳೆಯ ರಿಪೋರ್ಟ್‌ನಿಂದ ಎತ್ತಿದ ಸಾಲು. ಆಗ ನಿಮ್ಮ ಮೊದಲ ಸಲಹೆ ಕೋಡ್‌ನದ್ದಾಗಿರುವುದಿಲ್ಲ. ಒಂದು ಘಟಕಕ್ಕೆ ಹೋಗಿ, ಆ ಡೈರಿಯ ಒಂದು ಪುಟ ನೋಡಿಕೊಂಡು ಬನ್ನಿ ಎಂದು ಹೇಳಿ.

ಮೂರನೇ ಪ್ರಶ್ನೆ ನಿಮ್ಮ ಮಾತಿಗೆ ಮಿತಿ ಹಾಕುತ್ತದೆ. ಸಬ್‌ಮಿಷನ್‌ಗೆ ತಿಂಗಳಿದ್ದರೆ ಡೇಟಾಬೇಸ್, ಅಂದರೆ ಆಪ್‌ನ ಮಾಹಿತಿ ಕೂಡಿಡುವ ಜಾಗ, ಬದಲಿಸಲು ಹೇಳಬಹುದು. ನಾಡಿದ್ದೇ ಇದ್ದರೆ ಹೇಳಬಾರದು. ಕೊನೇ ಗಳಿಗೆಯಲ್ಲಿ "ಇದನ್ನು ರಿಯಾಕ್ಟ್‌ನಲ್ಲಿ ಮಾಡಬೇಕಿತ್ತು" ಎಂದು ಬೇರೆ ಸಾಧನದ ಹೆಸರು ಹೇಳಿದರೆ ಅವರ ನಿದ್ದೆ ಕೆಡುತ್ತದೆಯೇ ಹೊರತು ಪ್ರಾಜೆಕ್ಟ್ ಸುಧಾರಿಸುವುದಿಲ್ಲ.

ಹಂತ 2: ಕೋಡ್ ಮುಟ್ಟಬೇಡಿ, ಮೊದಲು ಬಳಸಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಸೀದಾ ಕೋಡ್ ತೆರೆದು ಫೋಲ್ಡರ್ ಹೆಸರಿನ ಮೇಲೆ ಚರ್ಚೆ ಶುರು ಮಾಡುತ್ತಾರೆ. ಆಪ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ಯಾರೂ ನೋಡಿರುವುದಿಲ್ಲ.

ನಿಮ್ಮ ಫೋನ್‌ನಲ್ಲಿ ತೆರೆಯಿರಿ. ವಿದ್ಯಾರ್ಥಿಗಳು ಲ್ಯಾಪ್‌ಟಾಪ್‌ನಲ್ಲೇ ಮಾಡಿ ಲ್ಯಾಪ್‌ಟಾಪ್‌ನಲ್ಲೇ ನೋಡಿರುತ್ತಾರೆ. ಆದರೆ ಮೇಸ್ತ್ರಿಯ ಕೈಯಲ್ಲಿ ಇರುವುದು ಫೋನ್. ಈಗ ಒಂದು ಪೂರ್ತಿ ಕೆಲಸ ಮಾಡಿ: ಟೈಲರ್ ಸೇರಿಸಿ, ಪೀಸ್ ಕೊಡಿ, ಹೊಲಿದದ್ದು ವಾಪಸ್ ತೆಗೆದುಕೊಳ್ಳಿ, ಬಟವಾಡೆ ಮಾಡಿ. ಅಷ್ಟು ಹೊತ್ತು ವಿದ್ಯಾರ್ಥಿ ಪಕ್ಕದಲ್ಲಿ ಸುಮ್ನೆ ಕೂತಿರಬೇಕು. "ಸರ್, ಅಲ್ಲಿ ಒತ್ರಿ" ಎಂದು ಹೇಳಬಾರದು ಅಂತ ಮೊದಲೇ ತಿಳಿಸಿ. ನೀವು ಎಲ್ಲಿ ತಡವರಿಸಿದಿರೋ ಅಲ್ಲೆಲ್ಲ ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆಯಿರಿ. ನೀವು ತಡವರಿಸುವುದನ್ನು ಕಣ್ಣಾರೆ ನೋಡಿದ ವಿದ್ಯಾರ್ಥಿ ಅಲ್ಲೇ ಅರ್ಧ ಕಲಿತುಬಿಡುತ್ತಾನೆ. ನೀವು ಹೆಚ್ಚೇನೂ ವಿವರಿಸಬೇಕಾಗುವುದಿಲ್ಲ.

ಒಮ್ಮೆ ಸರಿಯಾಗಿ ಬಳಸಿದ ಮೇಲೆ, ಬೇಕೆಂದೇ ತಪ್ಪಾಗಿ ಬಳಸಿ. ನಾನು ತಪ್ಪದೇ ನೋಡುವ ಕೆಲವು ಇವು.

ಹೆಸರು. ನಮ್ಮ ಕಡೆ ಎಷ್ಟೋ ಜನರಿಗೆ ಹೆಸರು ಒಂದೇ ಪದ. ಹುಲಿಗೆಮ್ಮ ಎಂದರೆ ಹುಲಿಗೆಮ್ಮ, ಅಷ್ಟೇ. ಫಾರ್ಮ್‌ನಲ್ಲಿ "ಲಾಸ್ಟ್ ನೇಮ್" ಕಡ್ಡಾಯ ಮಾಡಿದ್ದರೆ ಅವರು ಅಲ್ಲೇ ನಿಲ್ಲುತ್ತಾರೆ. ಇನ್ನು ಶರಣಪ್ಪ, ಹನುಮಂತಪ್ಪ ಎಂಬ ಹೆಸರಿನವರು ಒಂದೇ ಘಟಕದಲ್ಲಿ ಮೂರು ಜನ ಇರಬಹುದು. ಪಟ್ಟಿಯಲ್ಲಿ ಬರೀ ಹೆಸರು ತೋರಿಸಿದರೆ ಮೇಸ್ತ್ರಿ ಯಾರ ಲೆಕ್ಕಕ್ಕೆ ಪೀಸ್ ಹಾಕಬೇಕು? ಊರು ಅಥವಾ ಫೋನ್ ನಂಬರಿನ ಕೊನೆಯ ಅಂಕಿಗಳು ಜೊತೆಗೆ ಕಾಣಬೇಕು.

ಕನ್ನಡ. ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಉಳಿಸಿ, ಮತ್ತೆ ತೆರೆಯಿರಿ. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಬಂದರೆ ಡೇಟಾಬೇಸ್‌ನ ಅಕ್ಷರ ಸಂಕೇತ, ಅಂದರೆ ಅಕ್ಷರಗಳನ್ನು ಉಳಿಸಿಡುವ ವಿಧಾನ, ತಪ್ಪಾಗಿದೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನ ಹಳೆಯ ಆವೃತ್ತಿಗಳಲ್ಲಿ ತಾನಾಗೇ ಆಯ್ಕೆಯಾಗುತ್ತಿದ್ದ ಲ್ಯಾಟಿನ್1 ಸಂಕೇತದಲ್ಲಿ ಕನ್ನಡ ಕೂರುವುದಿಲ್ಲ. 8.0 ಆವೃತ್ತಿಯಿಂದ ಯುಟಿಎಫ್8ಎಂಬಿ4 ಬಂದಿದೆ, ಅದರಲ್ಲಿ ಕೂರುತ್ತದೆ. ಪಿಡಿಎಫ್ ಮಾಡುವ ಸೌಲಭ್ಯ ಇದ್ದರೆ ಅದರಲ್ಲಿ "ಮಲ್ಲಿಕಾರ್ಜುನ" ಎಂದು ಹಾಕಿ ನೋಡಿ. ಸ್ಕ್ರೀನ್ ಮೇಲೆ ಸರಿ ಇದ್ದದ್ದು ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆದು ಬರುವುದು ಜಾಸ್ತಿ. ಹಳೆಯ ನುಡಿ ಫಾಂಟ್‌ನ ಫೈಲಿನಿಂದ ಕಾಪಿ ಮಾಡಿ ಅಂಟಿಸಿದರೆ ಅಕ್ಷರ ಕಲಸಿಹೋಗುತ್ತದೆ. ಅದು ಆಪ್‌ನ ತಪ್ಪಲ್ಲ. ಯೂನಿಕೋಡ್‌ಗೆ ಬದಲಿಸಿಕೊಂಡು ಹಾಕಬೇಕು ಎಂದು ತಿಳಿಸಿ.

ಅಂಕಿ. ಪೀಸ್ ಸಂಖ್ಯೆಗೆ ಮೈನಸ್ 50 ಹಾಕಿ. ಕೊಟ್ಟದ್ದು 100, ವಾಪಸ್ ಬಂದದ್ದು 120 ಎಂದು ಹಾಕಿ. ಫೋನ್ ನಂಬರಿಗೆ 9 ಅಂಕಿ ಹಾಕಿ. ಎಲ್ಲವನ್ನೂ ನಗುನಗುತ್ತಾ ಒಪ್ಪಿಕೊಂಡರೆ ಬರೆದುಕೊಳ್ಳಿ.

ಹಣ. ರೂಪಾಯಿ ಲೆಕ್ಕವನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಬಗೆಯಲ್ಲಿ, ಇಟ್ಟಿದ್ದಾರಾ ಕೇಳಿ. ಜಾವಾಸ್ಕ್ರಿಪ್ಟ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ. ಇಂಥ ಚೂರುಗಳು ಸೇರಿ ಬಟವಾಡೆಯಲ್ಲಿ ಪೈಸೆ ಹೆಚ್ಚುಕಮ್ಮಿ ಆಗುತ್ತದೆ. ಪೈಸೆಯಲ್ಲೇ ಪೂರ್ಣಾಂಕವಾಗಿ ಇಡಬೇಕು, ಇಲ್ಲವೇ ಡೇಟಾಬೇಸ್‌ನ ಡೆಸಿಮಲ್ ಬಳಸಬೇಕು.

ದಿನಾಂಕ. ಇವತ್ತಿನ ತಾರೀಖು ಆರಿಸಿ ಉಳಿಸಿ. ನಿನ್ನೆಯದು ಕಾಣಿಸಿದರೆ ಟೈಮ್‌ಝೋನ್ ಗಲಿಬಿಲಿ. ಆಪ್ ಕೂತಿರುವ ದೂರದ ಕಂಪ್ಯೂಟರ್‌ಗಳು, ಅಂದರೆ ಸರ್ವರ್‌ಗಳು, ಸಾಮಾನ್ಯವಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ ಓಡುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ರಾತ್ರಿ 12 ಗಂಟೆ ಅಲ್ಲಿ ಹಿಂದಿನ ದಿನದ ಸಂಜೆ 6.30. ವಾರದ ಲೆಕ್ಕ ಇಡುವ ಆಪ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ.

ನೆಟ್‌ವರ್ಕ್. ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಭಾಗಕ್ಕೆ ಹೋಗಿ ಸ್ಲೋ ಆಯ್ಕೆ ಮಾಡಿ. ಉಳಿಸುವ ಬಟನ್ ಒತ್ತಿ, ಏನೂ ಆಗದಂತೆ ಕಂಡಾಗ ಮತ್ತೊಮ್ಮೆ ಒತ್ತಿ. ಎಲ್ಲರೂ ಹಾಗೇ ಮಾಡುತ್ತಾರೆ, ಅಲ್ವಾ? ಒಂದೇ ಬಟವಾಡೆ ಎರಡು ಸಲ ದಾಖಲಾದರೆ ಅದು ದೊಡ್ಡ ತೊಂದರೆ.

ಬಿಸಿಲು. ಫೋನ್ ಹಿಡಿದು ಹೊರಗೆ ಹೋಗಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬಿಳಿ ಮೇಲಿನ ತಿಳಿ ಬೂದು ಅಕ್ಷರ ಕಾಣುವುದೇ ಇಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕು ಎಂದು ವೆಬ್ ಸುಲಭಬಳಕೆಯ ಮಾನದಂಡ ಹೇಳುತ್ತದೆ. ಕ್ರೋಮ್‌ನಲ್ಲೇ ಅದನ್ನು ಅಳೆಯಬಹುದು.

ಹಂತ 3: ಬಾಗಿಲು ಭದ್ರವಾಗಿದೆಯಾ ನೋಡಿ

ಇದನ್ನು ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. ಈ ಪರೀಕ್ಷೆಗಳನ್ನು ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಅವರ ಪ್ರಾಜೆಕ್ಟ್ ಮೇಲೆ, ಅವರ ಎದುರಿಗೇ ಮಾಡಿ. ಕಾಲೇಜಿನ ವೆಬ್‌ಸೈಟ್ ಮೇಲಾಗಲಿ ಬೇರೆ ಯಾವುದೇ ಸೈಟ್ ಮೇಲಾಗಲಿ ಮಾಡಬೇಡಿ, ವಿದ್ಯಾರ್ಥಿಗಳೂ ಮಾಡದಂತೆ ಹೇಳಿ. ಅನುಮತಿ ಇಲ್ಲದೆ ಮಾಡಿದರೆ ಅದು ಕಾನೂನಿನ ತೊಂದರೆಗೆ ದಾರಿ.

ಮೊದಲು ಎರಡು ಟೈಲರ್ ಲಾಗಿನ್‌ಗಳ ಕೆಲಸ. ಒಬ್ಬರಾಗಿ ಲಾಗಿನ್ ಆಗಿ ಅವರ ಲೆಕ್ಕದ ಪುಟ ತೆರೆಯಿರಿ. ಬ್ರೌಸರ್‌ನ ಮೇಲ್ಗಡೆಯ ವೆಬ್ ವಿಳಾಸದಲ್ಲಿ ಕೊನೆಗೆ 12 ಎಂದಿದ್ದರೆ ಅದನ್ನು 13 ಮಾಡಿ ಎಂಟರ್ ಒತ್ತಿ. ಇನ್ನೊಬ್ಬರ ಲೆಕ್ಕ ತೆರೆದುಕೊಂಡಿತಾ? ಹಾಗಾದರೆ ಲಾಗಿನ್ ಇದ್ದೂ ಇಲ್ಲದಂತೆ. ಯಾರು ಏನನ್ನು ನೋಡಬಹುದು ಎಂಬ ತಡೆ ಮುರಿದುಹೋಗಿದೆ ಎಂದು ಇದರ ಅರ್ಥ. ವೆಬ್ ಭದ್ರತೆಯ ಮೇಲೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಹೊರತಂದ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ ಇದೆ. ನಿಮ್ಮ ಕಣ್ಣಿಗೆ ಭದ್ರತೆಯ ಒಂದೇ ಒಂದು ತಪ್ಪು ಬೀಳಬೇಕು ಎಂದಾದರೆ, ಇದು ಬೀಳಲಿ.

ಆಮೇಲೆ ಹುಡುಕುವ ಜಾಗದಲ್ಲಿ ಒಂದೇ ಒಂದು ಒಂಟಿ ಉದ್ಧರಣ ಚಿಹ್ನೆ (') ಹಾಕಿ ಹುಡುಕಿ. ಡೇಟಾಬೇಸ್‌ನ ದೋಷ ಸಂದೇಶ ಪುಟದ ಮೇಲೆ ಬಂದರೆ ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ ದಾರಿ ತೆರೆದಿದೆ. ಅಂದರೆ, ಬಳಕೆದಾರ ಟೈಪ್ ಮಾಡಿದ್ದು ಡೇಟಾಬೇಸ್‌ಗೆ ಆಜ್ಞೆಯಾಗಿ ಹೋಗುತ್ತಿದೆ. ಟೈಪ್ ಮಾಡಿದ್ದನ್ನು ಹಾಗೇ ಆಜ್ಞೆಯ ಸಾಲಿಗೆ ಅಂಟಿಸುವುದನ್ನು ಬಿಟ್ಟು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಬೇಕು. ಅದರಲ್ಲಿ ಆಜ್ಞೆ ಬೇರೆ, ಮಾಹಿತಿ ಬೇರೆಯಾಗಿ ಹೋಗುತ್ತದೆ.

ಬಳಕೆದಾರರ ಟೇಬಲ್ ತೆರೆಸಿ ಪಾಸ್‌ವರ್ಡ್ ಕಾಲಂ ನೋಡಿ. ಪಾಸ್‌ವರ್ಡ್ ಓದಲು ಬಂದರೆ ತಪ್ಪು. ಬೇಸ್64 ಮಾಡಿದ್ದರೂ ತಪ್ಪು, ಅದನ್ನು ಯಾರು ಬೇಕಾದರೂ ಬಿಚ್ಚಬಹುದು. ಎಂಡಿ5 ಎಂಬ ಹಳೆಯ ಹ್ಯಾಶ್ ಇದ್ದರೂ ಇವತ್ತಿಗೆ ಅದು ಸಾಲದು. ಬಿಕ್ರಿಪ್ಟ್‌ನಂಥ ಹ್ಯಾಶ್ ಬೇಕು. ಹ್ಯಾಶ್ ಎಂದರೆ ಹಿಂದಕ್ಕೆ ಬಿಚ್ಚಲಾಗದ ಗುರುತು. ಇದನ್ನು ವಿದ್ಯಾರ್ಥಿಗಳು ಸ್ವಂತ ಬರೆಯಬೇಕಿಲ್ಲ, ಅವರು ಬಳಸುವ ಭಾಷೆಯಲ್ಲೇ ಸಿದ್ಧ ಸೌಲಭ್ಯ ಇರುತ್ತದೆ.

ರೆಪೊಸಿಟರಿಯಲ್ಲಿ ಡೇಟಾಬೇಸ್ ಪಾಸ್‌ವರ್ಡ್, ಎಸ್ಸೆಮ್ಮೆಸ್ ಸೇವೆಯ ಕೀ (ಆ ಸೇವೆ ಬಳಸಲು ಕೊಟ್ಟ ಗುಟ್ಟಿನ ಸಂಕೇತ) ಹಾಗೇ ಬಿದ್ದಿವೆಯಾ ನೋಡಿ. ಇದ್ದರೆ ಫೈಲ್ ಅಳಿಸಿದರೆ ಸಾಲದು, ಗಿಟ್‌ನ ಹಳೆಯ ದಾಖಲೆಯಲ್ಲಿ ಅದು ಉಳಿದೇ ಇರುತ್ತದೆ. ಆ ಪಾಸ್‌ವರ್ಡ್, ಕೀಗಳನ್ನೇ ಬದಲಿಸಬೇಕು. ಇದೊಂದನ್ನು ಸಂಜೆಯವರೆಗೂ ಕಾಯಿಸಬೇಡಿ, ಅಲ್ಲೇ ಕೂರಿಸಿ ಮಾಡಿಸಿ.

ಇನ್ನು ನಿಜವಾದ ಜನರ ಮಾಹಿತಿ. ಡೆಮೊ ಚೆನ್ನಾಗಿ ಕಾಣಲಿ ಎಂದು ಘಟಕದವರ ನಿಜವಾದ ಹೆಸರು, ಫೋನ್ ನಂಬರ್, ಕೆಲವೊಮ್ಮೆ ಆಧಾರ್ ನಂಬರನ್ನೂ ಹಾಕಿರುತ್ತಾರೆ. ಅದೇ ಡೇಟಾಬೇಸ್ ಫೈಲ್ ಎಲ್ಲರಿಗೂ ಕಾಣುವ ರೆಪೊಸಿಟರಿಯಲ್ಲಿ ಇರುತ್ತದೆ. ಆ ಟೈಲರ್‌ಗೆ ಇದು ಗೊತ್ತೇ ಇರುವುದಿಲ್ಲ. ಹೊಲಿಗೆ ಲೆಕ್ಕಕ್ಕೆ ಆಧಾರ್ ಯಾಕೆ ಬೇಕು ಎಂದು ಕೇಳಿ. ಬೇಡದ ಮಾಹಿತಿಯನ್ನು ಕೇಳಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮುಖ್ಯ ವಿಚಾರಗಳಲ್ಲಿ ಅದೂ ಒಂದು. ಕಾಯ್ದೆಗಿಂತ ಮೊದಲು, ನಂಬಿ ಮಾಹಿತಿ ಕೊಟ್ಟವರ ಬಗ್ಗೆ ವಿದ್ಯಾರ್ಥಿಗೆ ಜವಾಬ್ದಾರಿ ಇದೆ. ಇದನ್ನು ಕಾಲೇಜಿನಲ್ಲಿ ಕಲಿಯದಿದ್ದರೆ ಕೆಲಸಕ್ಕೆ ಸೇರಿದ ಮೇಲೆ ಕಲಿಯುವುದು ಕಷ್ಟ.

ಹಂತ 4: ಕೋಡ್‌ನಲ್ಲಿ ಒಂದು ದಾರಿ ಹಿಡಿದು ಹೋಗಿ

ಇಡೀ ಕೋಡ್ ಓದಲು ಆಗುವುದಿಲ್ಲ, ಓದಬೇಕಾಗಿಯೂ ಇಲ್ಲ. ಮುಖ್ಯವಾದ ಒಂದು ಬಟನ್ ಆರಿಸಿ. ನಮ್ಮಲ್ಲಿ "ಬಟವಾಡೆ ಮಾಡಿ" ಬಟನ್. ಅದನ್ನು ಒತ್ತಿದಾಗ ಬ್ರೌಸರ್‌ನಿಂದ ಏನು ಹೋಗುತ್ತದೆ, ಸರ್ವರ್‌ನಲ್ಲಿ ಯಾರು ಹಿಡಿಯುತ್ತಾರೆ, ಡೇಟಾಬೇಸ್‌ನಲ್ಲಿ ಎಲ್ಲಿ ಬರೆಯುತ್ತಾರೆ ಎಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ. ಮೈನಸ್ 50ನ್ನು ತಡೆಯುವ ಪರಿಶೀಲನೆ ಬ್ರೌಸರ್‌ನಲ್ಲಿ ಮಾತ್ರ ಇದೆಯೋ ಸರ್ವರ್‌ನಲ್ಲೂ ಇದೆಯೋ ನೋಡಿ. ಬ್ರೌಸರ್‌ನಲ್ಲಿ ಇರುವುದನ್ನು ಯಾರು ಬೇಕಾದರೂ ದಾಟಿ ಹೋಗಬಹುದು.

ಕೋಡ್‌ಗಿಂತ ಹೆಚ್ಚು ಸಮಯವನ್ನು ಟೇಬಲ್‌ಗಳ ಮೇಲೆ ಕೊಡಿ. ಕೋಡ್ ಆಮೇಲೆ ಬದಲಿಸಬಹುದು, ತಪ್ಪಾಗಿ ಕಟ್ಟಿದ ಟೇಬಲ್ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ತಪ್ಪನ್ನು ಹತ್ತಿರದಿಂದ ತೋರಿಸುತ್ತೇನೆ, ಲೆಕ್ಕದ ಆಪ್‌ಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಪೀಸ್ ರೇಟು "ಮಾಡೆಲ್" ಎಂಬ ಟೇಬಲ್‌ನಲ್ಲಿದೆ. ಟೈಲರ್ ತಂದುಕೊಟ್ಟ ಪೀಸ್‌ಗಳು "ಜಮಾ" ಟೇಬಲ್‌ನಲ್ಲಿವೆ, ಅದರಲ್ಲಿ ರೇಟು ಇಲ್ಲ. ಬಿಲ್ ತೋರಿಸುವಾಗ ಪೀಸ್ ಸಂಖ್ಯೆಯನ್ನು ಮಾಡೆಲ್ ಟೇಬಲ್‌ನ ರೇಟಿನಿಂದ ಗುಣಿಸುತ್ತಾರೆ. ನೋಡಲು ಅಚ್ಚುಕಟ್ಟು. ಒಂದೇ ಮಾಹಿತಿ ಎರಡು ಕಡೆ ಇರಬಾರದು ಎಂದು ಕ್ಲಾಸ್‌ನಲ್ಲಿ ಹೇಳಿಕೊಟ್ಟಂತೆಯೇ ಇದೆ. ಈಗ ರೇಟು 20 ಇದ್ದದ್ದು 22 ಆಯಿತು ಎಂದುಕೊಳ್ಳಿ. ಮಾಲೀಕರು ಮಾಡೆಲ್ ಟೇಬಲ್‌ನಲ್ಲಿ ಬದಲಿಸಿದರು. ಆ ಕ್ಷಣಕ್ಕೆ ಹೋದ ತಿಂಗಳ, ಅದರ ಹಿಂದಿನ ತಿಂಗಳ ಬಿಲ್‌ಗಳೆಲ್ಲ 22ರ ಲೆಕ್ಕದಲ್ಲಿ ಕಾಣತೊಡಗುತ್ತವೆ. 300 ಪೀಸ್‌ಗೆ 6000 ಕೊಟ್ಟು ಮುಗಿಸಿದ ಲೆಕ್ಕ 6600 ಎನ್ನುತ್ತದೆ. 600 ಬಾಕಿ ಇದೆ ಎಂದು ಟೈಲರ್, ಕೊಟ್ಟಾಗಿದೆ ಎಂದು ಮಾಲೀಕರು. ಜಗಳಕ್ಕೆ ಇಷ್ಟು ಸಾಕು. ಜಮಾ ಆದ ದಿನದ ರೇಟನ್ನು ಆ ಸಾಲಿನಲ್ಲೇ ಬರೆದಿಡಬೇಕಿತ್ತು. ಅಂದಿನ ರೇಟು ಬೇರೆ ಮಾಹಿತಿ, ಇಂದಿನ ರೇಟು ಬೇರೆ ಮಾಹಿತಿ. ಹತ್ತಿ ವ್ಯಾಪಾರದ ಆಪ್ ಆಗಲಿ, ಹಾಸ್ಟೆಲ್ ಊಟದ ಲೆಕ್ಕ ಆಗಲಿ, ರೇಟು ಇರುವ ಕಡೆಯೆಲ್ಲ ಮೊದಲು ಇದನ್ನು ನೋಡಿ.

ಇದನ್ನು ಟೇಬಲ್ ನೋಡಿ ಹೇಳುವ ಬದಲು, ವಿದ್ಯಾರ್ಥಿಯ ಕೈಯಲ್ಲೇ ರೇಟು ಬದಲಿಸಲು ಹೇಳಿ, ಹಳೆಯ ಬಿಲ್ ತೆರೆಸಿ. ಆಮೇಲೆ ಸುಮ್ಮನಿರಿ. ತಪ್ಪು ಏನೆಂದು ಅವರೇ ಹೇಳುತ್ತಾರೆ.

ಇಂಡೆಂಟೇಶನ್, ವೇರಿಯಬಲ್ ಹೆಸರು, ಕಾಮೆಂಟ್ ಬಗ್ಗೆ ಒಂದು ಸಾಲು ಸಾಕು. ರೀಡ್‌ಮಿ ಓದಿ ಹೊಸ ಕಂಪ್ಯೂಟರ್‌ನಲ್ಲಿ ಆಪ್ ಶುರು ಮಾಡಲು ಬರುತ್ತದಾ ಎಂದು ತಂಡದ ಹೊರಗಿನ ಇನ್ನೊಬ್ಬ ವಿದ್ಯಾರ್ಥಿಯಿಂದ ಮಾಡಿಸಿ ನೋಡಿ.

ಹಂತ 5: ಅವರ ಬಾಯಿಂದ ಕೇಳಿ

ಸಿದ್ಧ ಪ್ರಾಜೆಕ್ಟ್ ದುಡ್ಡು ಕೊಟ್ಟು ತರುವುದೂ ಉಂಟು, ಎಐ ಬರೆದುಕೊಟ್ಟದ್ದನ್ನು ಹಾಗೇ ಅಂಟಿಸುವುದೂ ಉಂಟು. ನಿಮಗೆ ಅನುಮಾನ ಬಂದರೆ ಪೊಲೀಸರಂತೆ ವಿಚಾರಿಸಬೇಡಿ. ಎರಡು ಕೆಲಸ ಹೇಳಿ. ಒಂದು, ಬಟವಾಡೆ ಕೋಡ್‌ನ ಒಂದು ಭಾಗ ತೋರಿಸಿ "ಈ ಸಾಲು ತೆಗೆದರೆ ಏನಾಗುತ್ತದೆ?" ಎಂದು ಕೇಳಿ. ಎರಡು, ಅಲ್ಲೇ ಒಂದು ಸಣ್ಣ ಬದಲಾವಣೆ ಮಾಡಿಸಿ. ಟೈಲರ್ ಪಟ್ಟಿಯಲ್ಲಿ ಊರಿನ ಕಾಲಂ ಸೇರಿಸಿ ಎಂದರೆ ಸಾಕು. ತಾವೇ ಮಾಡಿದವರು ತಡವರಿಸಿದರೂ ಯಾವ ಫೈಲ್ ತೆರೆಯಬೇಕೆಂದು ಅವರಿಗೆ ಗೊತ್ತಿರುತ್ತದೆ.

ಎಐ ಬಳಸಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ತಮ್ಮ ಹೆಸರಲ್ಲಿ ಕೊಡುವ ಪ್ರತಿ ಸಾಲಿಗೂ ಅವರು ಉತ್ತರ ಕೊಡಬೇಕು, ಅಷ್ಟೇ. ಉತ್ತರ ಬರದಿದ್ದರೆ ನಿಮ್ಮ ಅಭಿಪ್ರಾಯದಲ್ಲಿ ಅದೇ ಮೊದಲ ಅಂಶ ಆಗಲಿ: ಈ ಮೂರು ಫೈಲ್ ಓದಿ ಅರ್ಥ ಮಾಡಿಕೊಂಡು ಶುಕ್ರವಾರ ನನಗೆ ಹೇಳಿಕೊಡಿ.

ನಾಲ್ಕು ಜನರ ತಂಡವಿದ್ದರೆ ನಾಲ್ವರನ್ನೂ ಕೇಳಿ. ಒಬ್ಬನೇ ಮಾತಾಡಿ ಉಳಿದವರು ಹಿಂದೆ ನಿಂತಿದ್ದರೆ, ಮುಖ್ಯವಾಗಿ ಹೆಣ್ಣುಮಕ್ಕಳನ್ನು ರಿಪೋರ್ಟ್ ಬರೆಯಲು ಮಾತ್ರ ಹಚ್ಚಿದ್ದರೆ, ಅದನ್ನು ಅಲ್ಲೇ ಗಮನಿಸಿ. "ಈ ಪುಟ ಯಾರು ಮಾಡಿದ್ರಮ್ಮಾ, ನೀನು ತೋರಿಸು" ಎಂದು ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ.

ಹಂತ 6: ಬರೆದದ್ದನ್ನೆಲ್ಲ ಹೇಳಬೇಡಿ, ಆರಿಸಿ

ಇಷ್ಟೊತ್ತಿಗೆ ನಿಮ್ಮ ನೋಟ್‌ಬುಕ್‌ನಲ್ಲಿ ಮೂವತ್ತು ಅಂಶ ಇರಬಹುದು. ಎಲ್ಲವನ್ನೂ ಹೇಳಿದರೆ ವಿದ್ಯಾರ್ಥಿ ಸುಲಭವಾದದ್ದನ್ನು ಮಾಡಿ ಕಷ್ಟದ್ದನ್ನು ಬಿಡುತ್ತಾರೆ. ಬಟನ್‌ನ ಬಣ್ಣ ಬದಲಾಗುತ್ತದೆ, ಹಳೆಯ ಬಿಲ್ ತಪ್ಪಾಗಿಯೇ ಉಳಿಯುತ್ತದೆ.

ಯಾರದೋ ಹಣ, ಮಾಹಿತಿ ಅಥವಾ ಮುಖ್ಯ ಕೆಲಸಕ್ಕೆ ಪೆಟ್ಟು ಬೀಳುವಂಥವು ಮೊದಲು. ಅವು ಮೂರಕ್ಕಿಂತ ಜಾಸ್ತಿ ಬೇಡ. ಸಮಯ ಸಿಕ್ಕರೆ ಮಾಡಬಹುದಾದವು ಆಮೇಲೆ, ಬರೀ ಪಟ್ಟಿಯಾಗಿ. ನಿಮ್ಮ ಸ್ವಂತ ಇಷ್ಟಾನಿಷ್ಟಗಳನ್ನು ಹೊಡೆದುಹಾಕಿ. ನಿಮಗೆ ಪಿಎಚ್‌ಪಿ ಹಿಡಿಸದು, ಅವರು ಪಿಎಚ್‌ಪಿಯಲ್ಲಿ ಮಾಡಿದ್ದಾರೆ. ಅದು ದೋಷವಲ್ಲ.

ಹಂತ 7: ಹೇಳುವುದು

ಎದುರಿಗೆ ಕೂರಿಸಿಕೊಂಡು ಹೇಳಿ, ಬರೆದೂ ಕೊಡಿ. ಬರೀ ಬಾಯಲ್ಲಿ ಹೇಳಿದರೆ ಹೆದರಿಕೆಯಲ್ಲಿ ಅರ್ಧ ಮರೆತುಹೋಗುತ್ತದೆ. ಬರೀ ಬರೆದು ಕಳಿಸಿದರೆ ಮಾತು ಇದ್ದದ್ದಕ್ಕಿಂತ ಗಡಸಾಗಿ ಕೇಳುತ್ತದೆ. ಇಡೀ ಲ್ಯಾಬ್‌ನ ಮುಂದೆ ಒಬ್ಬರ ತಪ್ಪು ಎತ್ತಿ ಆಡಬೇಡಿ.

ಕನ್ನಡದಲ್ಲೇ ಹೇಳಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನ ವಿಮರ್ಶೆಗೆ "ಓಕೆ ಸರ್, ಓಕೆ ಸರ್" ಎಂದು ತಲೆ ಆಡಿಸಿ ಹೋಗಿಬಿಡುತ್ತಾರೆ. ಕನ್ನಡದಲ್ಲಿ ಹೇಳಿದರೆ ಎದುರು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಯೇ ನಿಮಗೆ ಬೇಕಾದದ್ದು.

ಪ್ರತಿ ತಪ್ಪಿಗೂ ಮೂರು ವಿಷಯ ಹೇಳಿ: ಏನು ಮಾಡಿದಾಗ ಕಂಡಿತು, ಅದರಿಂದ ಯಾರಿಗೆ ತೊಂದರೆ, ಎಲ್ಲಿಂದ ಶುರು ಮಾಡಬೇಕು. "ಸೆಕ್ಯೂರಿಟಿ ವೀಕ್ ಇದೆ" ಎನ್ನುವುದರಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಪೂರ್ತಿ ಪರಿಹಾರದ ಕೋಡ್ ಮಾತ್ರ ಬರೆದುಕೊಡಬೇಡಿ, ಅದು ಅವರ ಕೆಲಸ.

ಮೆಚ್ಚುಗೆಗೂ ಇದೇ ನಿಯಮ. "ಗುಡ್ ವರ್ಕ್" ಎಂದರೆ ಯಾವುದು ಒಳ್ಳೆಯದಾಗಿತ್ತು, ಯಾವುದನ್ನು ಮುಂದೆಯೂ ಹಾಗೇ ಮಾಡಬೇಕು ಎಂದು ಗೊತ್ತಾಗುವುದಿಲ್ಲ.

ಜೀನ್ಸ್ ಆಪ್‌ಗೆ ನಾನು ಬರೆದುಕೊಟ್ಟರೆ ಹೀಗಿರುತ್ತದೆ:

"ಮೇಸ್ತ್ರಿಯ ಡೈರಿಯ ಕ್ರಮದಲ್ಲೇ ಪುಟಗಳನ್ನು ಇಟ್ಟಿದ್ದೀರಿ. ಹೇಳಿಕೊಡದೆ ನನಗೆ ಪೀಸ್ ಕೊಡುವ ಪುಟ ಸಿಕ್ಕಿತು. ಘಟಕಕ್ಕೆ ಹೋಗಿ ನೋಡಿದ್ದರ ಫಲ ಇದು, ಇದನ್ನು ಬದಲಿಸಬೇಡಿ.

ಮೊದಲು ಮಾಡಬೇಕಾದವು ಮೂರು. ಒಂದು, ಟೈಲರ್ ಆಗಿ ಲಾಗಿನ್ ಆಗಿ ವಿಳಾಸದಲ್ಲಿ 12 ಇದ್ದದ್ದನ್ನು 13 ಮಾಡಿದೆ, ಬೇರೆಯವರ ಲೆಕ್ಕ ಮತ್ತು ಫೋನ್ ನಂಬರ್ ಕಂಡಿತು. ಲೆಕ್ಕದ ಪುಟ ತೆರೆಯುವ ಮೊದಲು ಲಾಗಿನ್ ಆದವರೂ ಆ ಲೆಕ್ಕದವರೂ ಒಬ್ಬರೇನಾ ಎಂದು ಸರ್ವರ್‌ನಲ್ಲಿ ಪರೀಕ್ಷಿಸಿ. ಎರಡು, ರೇಟು 20ರಿಂದ 22 ಮಾಡಿದಾಗ ಹೋದ ತಿಂಗಳ ಬಿಲ್ ಬದಲಾಯಿತು. ಜಮಾ ಟೇಬಲ್‌ಗೆ ರೇಟಿನ ಕಾಲಂ ಸೇರಿಸುವುದರಿಂದ ಶುರು ಮಾಡಿ. ಮೂರು, ನೆಟ್ ನಿಧಾನವಿದ್ದಾಗ ಬಟವಾಡೆ ಬಟನ್ ಎರಡು ಸಲ ಒತ್ತಿದರೆ ಎರಡು ದಾಖಲೆ ಆಗುತ್ತದೆ. ಒಬ್ಬ ಟೈಲರ್‌ಗೆ ಒಂದು ವಾರಕ್ಕೆ ಒಂದೇ ಬಟವಾಡೆ ಎಂಬ ನಿರ್ಬಂಧವನ್ನು ಡೇಟಾಬೇಸ್‌ನಲ್ಲೇ ಹಾಕಬಹುದಾ, ಯೋಚಿಸಿ.

ಸಮಯ ಸಿಕ್ಕರೆ: ಲಾಸ್ಟ್ ನೇಮ್ ಕಡ್ಡಾಯ ತೆಗೆಯಿರಿ, ಪಟ್ಟಿಯಲ್ಲಿ ಊರು ತೋರಿಸಿ, ಬೂದು ಅಕ್ಷರ ಕಪ್ಪು ಮಾಡಿ.

ಎರಡನೆಯದು ಅರ್ಥವಾಗದಿದ್ದರೆ ಮಾಡುವ ಮೊದಲೇ ಬಂದು ಕೇಳಿ."

ಇದಕ್ಕೆ ವಿದ್ಯಾರ್ಥಿ ವಾದ ಮಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. "ಸರ್, ಅಲ್ಲಿ ವಾರದ ನಡುವೆ ಕೂಡ ಬಟವಾಡೆ ಕೊಡ್ತಾರ್ರಿ" ಎಂದರೆ ಅವರ ಮಾತೇ ಸರಿ ಇರಬಹುದು. ಆ ಘಟಕಕ್ಕೆ ಹೋಗಿ ಬಂದವರು ಅವರು. ಆಗ ನಿಮ್ಮ ಸಾಲನ್ನು ಅಲ್ಲೇ ಹೊಡೆದು, ಇಬ್ಬರೂ ಕೂತು ಬೇರೆ ದಾರಿ ಹುಡುಕಿ.

ಹಂತ 8: ಇನ್ನೊಮ್ಮೆ ನೋಡುವ ದಿನ ಗೊತ್ತು ಮಾಡಿ

ಏಳುವ ಮೊದಲೇ ಮುಂದಿನ ದಿನಾಂಕ ಬರೆದುಕೊಳ್ಳಿ. ಒಂದು ವಾರ ಸರಿಯಾದ ಅಂತರ. ಎರಡನೇ ಸಲ ಅರ್ಧ ಗಂಟೆ ಸಾಕು. ಆ ಮೂರು ಅಂಶಗಳನ್ನು ಮಾತ್ರ, ಮೊದಲ ಸಲ ಮಾಡಿದ ಅದೇ ಕ್ರಮದಲ್ಲಿ ಪರೀಕ್ಷಿಸಿ: ವಿಳಾಸದಲ್ಲಿ 13 ಹಾಕಿ, ರೇಟು ಬದಲಿಸಿ, ಬಟನ್ ಎರಡು ಸಲ ಒತ್ತಿ. ಹೊಸ ತಪ್ಪು ಹುಡುಕಲು ಹೋಗಬೇಡಿ. ಒಂದು ಆಗಿಲ್ಲದಿದ್ದರೆ ಎಲ್ಲಿ ಸಿಕ್ಕಿಕೊಂಡರು ಎಂದು ಕೇಳಿ, ಆ ಅರ್ಧ ಗಂಟೆಯಲ್ಲಿ ಉಳಿದ ಸಮಯವನ್ನು ಅದಕ್ಕೇ ಕೊಡಿ.